ಉಳಿದದ್ದರ ತೂಕ

ನನ್ನ ಕೆಲಸ ಇಷ್ಟೆ:
ಊಟ ಮುಗಿದು ಹಿಂದಕ್ಕೆ ಬಂದ ತಟ್ಟೆಗಳಲ್ಲಿ
ಉಳಿದದ್ದನ್ನು ತೂಗಿ ಬರೆಯುವುದು.
ಆಂಟೊಫಗಸ್ತಾ ಆಸ್ಪತ್ರೆಯ ನಾಲ್ಕನೇ ಮಹಡಿ,
ಕಿಟಕಿಯಾಚೆ ತಾಮ್ರ ತುಂಬಿಕೊಳ್ಳುವ ಹಡಗು,
ಈಚೆ ನಾನು, ಗ್ರಾಮಿನ ತಕ್ಕಡಿ, ನೀಲಿ ಪೆನ್ನು.

ನಾಲ್ಕು ವಾರ ಇಲ್ಲೇ ಇರಲು ಒಪ್ಪಿದವರು ಒಂಬತ್ತು ಮಂದಿ.
ಮೊದಲೆರಡು ವಾರ ಅಡುಗೆಮನೆಯ ಊಟ,
ಆಮೇಲೆರಡು ವಾರ ಪೊಟ್ಟಣದ್ದು.
ಸಕ್ಕರೆ ಸಮ, ಉಪ್ಪು ಸಮ, ಕೊಬ್ಬು ಸಮ, ನಾರೂ ಸಮ;
ಡಾಕ್ಟರ್ ಇಸಿಡೋರಾ ಕೂಡಿ ಕಳೆದು ಹೊಂದಿಸಿದ ಲೆಕ್ಕ.
ಬೇಕಾದಷ್ಟು ತಿನ್ನಿ, ಬೇಡವಾದರೆ ಬಿಡಿ.

ಆರನೇ ಮಂಚದ ಒಲೆಗಾರಿಯೊ
ಗಣಿಯಲ್ಲಿ ಮನೆಗಾತ್ರದ ಲಾರಿ ಓಡಿಸುವವನು.
ಮೊದಲ ದಿನವೇ ನಗುತ್ತ ಹೇಳಿದ:
"ನನ್ನ ತಟ್ಟೆ ತೂಗುವ ಕಷ್ಟ ನಿಮಗಿರುವುದಿಲ್ಲ,
ನಾನು ಹೊಟ್ಟೆಬಾಕ."
ಹೆಂಡತಿ ಹೇಳಿದ್ದು, ಕಂಪನಿಯ ನರ್ಸ್ ಹೇಳಿದ್ದು,
ಬಸ್ಸಿನ ಪಕ್ಕದ ಸೀಟಿನವರು ಹೇಳದೆ ಹೇಳಿದ್ದು;
ಈಗ ಎಲ್ಲರಿಗಿಂತ ಮೊದಲು ತಾನೇ ಹೇಳಿಬಿಡುತ್ತಾನೆ.

ಮೂರನೇ ದಿನ ಅವನ ತಟ್ಟೆಯಲ್ಲಿ ಉಳಿದದ್ದು
ಇನ್ನೂರ ಹನ್ನೆರಡು ಗ್ರಾಂ:
ಕುಂಬಳ, ಜೋಳ ಹಾಕಿ ಬೇಯಿಸಿದ ಬೀನ್ಸ್ ಕಾಳು,
ಹಗ್ಗದಂಥ ಕಡಲಪಾಚಿ, ಅಗಿದಷ್ಟೂ ಅಗಿಯಬೇಕಾದದ್ದು.
"ಸಾಕು" ಎಂದನಂತೆ.
ಎಂದು, ಯಾರು ಹಾಗಂದದ್ದೆಂದು
ಹಿಂದೆ ತಿರುಗಿ ನೋಡಿದನಂತೆ.

ಹದಿನೈದನೇ ದಿನ ಪೊಟ್ಟಣಗಳು ಬಂದವು.
ಸರ್ಕಾರ ಒತ್ತಿದ ಎಂಟು ಮೂಲೆಯ ಕಪ್ಪು ಮುದ್ರೆಗಳನ್ನು
ಹರಿದು ಬುಟ್ಟಿಗೆ ಹಾಕಿ, ಒಳಗಿದ್ದದ್ದನ್ನು ತಟ್ಟೆಗೆ ಸುರಿದೆವು:
ಹಿಂಡಿದರೆ ಮುಷ್ಟಿಯೊಳಗೇ ಕಾಣೆಯಾಗುವ ಬ್ರೆಡ್ಡು,
ಗುಲಾಬಿ ಮೊಸರು,
ಕೋಳಿಯ ಹೆಸರು ಹೊತ್ತ ಗುಂಡುಗಳು.
ಹಲ್ಲು ಊರುವಷ್ಟರಲ್ಲಿ ಗಂಟಲು ದಾಟಿರುತ್ತದೆ.
ಹೊಟ್ಟೆ "ಬಂತೇ?" ಎಂದು ಕೇಳುವ ಮೊದಲೇ
ಕೈ ಮುಂದಿನದಕ್ಕೆ ಹೋಗಿರುತ್ತದೆ.
ತಕ್ಕಡಿ: ನಾಲ್ಕು ಗ್ರಾಂ, ಅದೂ ಸಾಸಿನ ಕಲೆ.
ಮತ್ತೊಂದು ತಟ್ಟೆ ಕಳಿಸಿದೆವು. ಸೊನ್ನೆ.

ಊಟ ಬಲ್ಲವನಿಗೆ ರೋಗವಿಲ್ಲವಂತೆ.
ಊಟವೇ ಅವನನ್ನು ಬಲ್ಲದಾದರೆ?
ಯಾವ ಕರುಂ ಸದ್ದಿಗೆ ಅವನ ಕೈ ಏಳುತ್ತದೆ,
ಎಷ್ಟು ಉಪ್ಪಿನ ಮೇಲೆ ಎಷ್ಟು ಸಿಹಿ ಸವರಿದರೆ
ಸಾಕೆಂಬ ಮಾತು ನಾಲಿಗೆಗೆ ಬರುವುದಿಲ್ಲ,
ಇದನ್ನೆಲ್ಲ ಯಾರೋ, ಎಲ್ಲೋ, ಬಿಳಿ ಕೋಟು ತೊಟ್ಟು
ನನ್ನ ಹಾಗೆಯೇ
ತೂಗಿ ತೂಗಿ ಬರೆದಿಟ್ಟುಕೊಂಡಿದ್ದರೆ?

ರಾತ್ರಿ ಅವನು ತಟ್ಟೆ ಕೊಡುವ ಕಿಂಡಿಯ ಹತ್ತಿರ ಬಂದ.
"ಗಣಿ ಇರುವುದು ನಾಲ್ಕು ಸಾವಿರ ಮೀಟರ್ ಮೇಲೆ.
ಬಸ್ಸು ಏರಿದಂತೆಲ್ಲ ಚೀಲದೊಳಗೆ ಚಿಪ್ಸಿನ ಪೊಟ್ಟಣ
ದಿನ ತುಂಬಿದವಳ ಹಾಗೆ ಉಬ್ಬುತ್ತದೆ, ಗಾಳಿ ತೆಳುವಲ್ಲವೆ.
ಏಳು ದಿನ ಕಳೆದು ಕೆಳಗೆ ಬಂದರೆ
ಪೊಟ್ಟಣ ಇಳಿಯುತ್ತದೆ.
ನಾನು ಇಳಿಯುವುದಿಲ್ಲ."
ನಗಲು ನೋಡಿದ, ಆಗಲಿಲ್ಲ.
"ನಿಜ ಹೇಳಿ, ಎರಡನ್ನೂ ತೂಗಿದವರು ನೀವು.
ಆ ದಿನ ಸಾಕೆಂದವನೂ ನಾನೇ ತಾನೆ?"

ಹೇಳುವಂತಿಲ್ಲ, ಸಹಿ ಹಾಕಿಕೊಟ್ಟಿದ್ದೇನೆ.
ತಕ್ಕಡಿಯ ಬಟ್ಟಲು ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ.
ಆಮೇಲೆ ಮೂರನೇ ದಿನದ ಹಾಳೆಯನ್ನು
ಕಿಂಡಿಯ ಕಡೆ ತಿರುಗಿಸಿಟ್ಟು
ನೀರು ಕುಡಿಯಲು ಹೋದೆ.

ಬಂದಾಗ ಅವನಿರಲಿಲ್ಲ.
ಇನ್ನೂರ ಹನ್ನೆರಡರ ಮೇಲೆ
ಹೆಬ್ಬೆರಳಿನ ಒದ್ದೆ ಗುರುತು.

ಹನ್ನೊಂದೂವರೆಯ ಬಸ್ಸು. ಬೆಳಗಿನಿಂದ ನಿಂತ ಕಾಲು.
ಮನೆಯಲ್ಲಿ ಕಾಳು ನೆನೆಸಿಲ್ಲ, ನೆನೆಸಲು ಯಾರಿದ್ದರು?
ಆಸ್ಪತ್ರೆಯ ಬಾಗಿಲಲ್ಲೇ ನಿಂತ ಯಂತ್ರಕ್ಕೆ ನಾಣ್ಯ ಹಾಕಿ
ಮೂರು ಕಪ್ಪು ಮುದ್ರೆಯದೊಂದನ್ನು ತೆಗೆದುಕೊಂಡಿದ್ದೆ.
ಮೂರನೇ ನಿಲ್ದಾಣದೊಳಗೆ ಮುಗಿಯಿತು.
ಉಳಿದದ್ದು: ಬೆರಳ ತುದಿಗಂಟಿದ ಉಪ್ಪು.
ಕಿಟಕಿಯ ಗಾಜಿನಲ್ಲಿ ಯಾರೂ ನೋಡುತ್ತಿಲ್ಲವೆಂದು ಖಾತ್ರಿಮಾಡಿಕೊಂಡು
ಅದನ್ನೂ ನೆಕ್ಕಿದೆ.